ಜೋಡಿ ಗುರಿ

(ವಿರೂಪಾಪುರಗಡ್ಡೆ, ಹೊಳಿ ದಂಡಿ. ಹರಿಗೋಲಿನಿಂದ ಇಳಿದ ಗುಂಡಪ್ಪನ ಬಗಲಾಗ ಏರ್ ಪಿಸ್ತೂಲಿನ ಹೊಸ ಡಬ್ಬಿ, ಕೈಯಾಗ ಮೂರು ಕಾಲಿನ ಸ್ಟ್ಯಾಂಡ್. ಗೌರವ್ವನ ಕೈಯಾಗ ರೊಟ್ಟಿ ಗಂಟು.)

ಗುಂಡಪ್ಪ: ಮಿಕ್ಸೆಡ್ ಟೀಂ ಅಂತಾರ ಇದಕ್ಕ. ಒಂದು ಗಂಡು, ಒಂದು ಹೆಣ್ಣು. 2024ರಾಗ ಪ್ಯಾರಿಸ್ ಒಲಿಂಪಿಕ್ಸ್‌ನ್ಯಾಗ ಮನು ಭಾಕರ್, ಸರಬ್ಜೋತ್ ಸಿಂಗ್ ಕಂಚು ಗೆದ್ದರಲ್ಲ, ಅದ ಆಟ.

ಗೌರವ್ವ: ಅವರು ಗಂಡ-ಹೆಂಡ್ತಿ ಏನ್ರೀ?

ಗುಂಡಪ್ಪ: ಅಲ್ಲ.

ಗೌರವ್ವ: ಅದಕ್ಕ ಗುರಿ ಒಂದ ಆಗೈತಿ.

ಗುಂಡಪ್ಪ: ಒಬ್ಬೊಬ್ಬರಿಗೆ 30 ಗುಂಡು!

ಗೌರವ್ವ: ನನಗ ಮನ್ಯಾಗಿಂದು ಒಂದ ಗುಂಡು ಸಾಕಾಗೈತಿ.

ಗುಂಡಪ್ಪ: 10 ಮೀಟರ್ ದೂರ ನಿಂತು, ಒಂದ ಕೈಲೆ ಹಿಡದು, 11.5 ಮಿಲಿಮೀಟರ್ ಚುಕ್ಕಿಗೆ ಹೊಡೀಬೇಕು.

ಗೌರವ್ವ: ಅಂದ್ರ ನನ್ನ ಹಣೀ ಬೊಟ್ಟಿನಷ್ಟು. ಲಗ್ನಾದಾಗಿಂದ ಎದುರಿಗೆ ಕುಂತರೂ ನಿಮಗದು ಕಂಡಿಲ್ಲ! ಈ ಮೂರು ಕಾಲಿಂದು ಪಿಸ್ತೂಲ್ ಇಡಾಕೇನ್ರೀ?

ಗುಂಡಪ್ಪ: ಏ ಹುಚ್ಚಿ, ಮೊಬೈಲ್ ಇಡಾಕ! ರೀಲ್ಸ್ ಬ್ಯಾಡೇನು?

ಗೌರವ್ವ: ಓಹೋ, ಶೂಟಿಂಗಿನ ಶೂಟಿಂಗು.

ಹರಿಗೋಲು ಹನುಮಣ್ಣ: ರೇಂಜ್ ಎಲ್ಲೈತ್ರಿ ಸಾಹೇಬ್ರ?

ಗುಂಡಪ್ಪ: ರೆಸಾರ್ಟ್ ಹಿಂದ. ಜೋಡಿ ಪ್ಯಾಕೇಜ್, ರೊಕ್ಕ ಕಟ್ಟೀನಿ.

ಹನುಮಣ್ಣ: ಇಲ್ಲಿ ರೆಸಾರ್ಟೆಲ್ಲ 2020ರ ಮಾರ್ಚ್‌ನ್ಯಾಗ ಕೆಡವ್ಯಾರ್ರಿ. ಸುಪ್ರೀಂ ಕೋರ್ಟ್ ಹೇಳಿತ್ತು. ಜೆಸಿಬಿ ಒಂದರದೂ ಗುರಿ ತಪ್ಪಲಿಲ್ಲ.

ಗೌರವ್ವ: ರೊಕ್ಕ ಇಸಗೊಂಡವನ ಗುರೀನೂ ತಪ್ಪಿಲ್ಲ ಬಿಡಪ್ಪ.

ಗುಂಡಪ್ಪ: ತಡೀರಿ, ಫೋನ್ ಹಚ್ಚಿ ಕೇಳ್ತೀನಿ... ಹಲೋ... ಹಲೋ...

ಹನುಮಣ್ಣ: ಅದಕ್ಕೂ ರೇಂಜ್ ಇಲ್ರಿ ಇಲ್ಲಿ. ಹತ್ರಿ ಹರಿಗೋಲು. ಬಾಡಿಗಿ ಮಾತ್ರ ಎರಡೂ ಕಡೀದು.