ಸ್ತಂಭನ ಮೀಮಾಂಸೆ ಅಥವಾ ಬನ್ನೂರು ರಸ್ತೆಯಲ್ಲಿ ಹಳೇ ಕಾರು ನಿಲ್ಲುವುದರ ಬಗೆಗೊಂದು ಶಾಸ್ತ್ರಗ್ರಂಥ

ಯಾವುದು ಪ್ರಸನ್ನವಾದರೆ ಮೂರು ಸಿಲಿಂಡರುಗಳೂ ಸರದಿಯಂತೆ ಉರಿಯುವುವೋ, ಯಾವುದು ಮುನಿದರೆ ಹಿಂದಿನ ಕಬ್ಬಿನ ಲಾರಿಯವನು ನಮ್ಮ ವಂಶವನ್ನೆಲ್ಲ ಸ್ಮರಿಸುವನೋ, ಆ 796 ಸಿಸಿ ಎಂಜಿನ್ನಿಗೆ ವಂದಿಸಿ ಗ್ರಂಥವನ್ನು ಆರಂಭಿಸಲಾಗಿದೆ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಬಿಡುವಂತಿಲ್ಲ. ವಿಷಯ: ಹಳೇ ಕಾರು ಓಡುತ್ತ ಓಡುತ್ತ ಪಿಕಪ್ ಕಳೆದುಕೊಂಡು, ನಾಲ್ಕು ಸಲ ಜರ್ಕ್ ಹೊಡೆದು ನಿಲ್ಲುವುದು. ಅಧಿಕಾರಿ: ಅಂಥ ಕಾರನ್ನು ಬಿಸಿಲಲ್ಲಿ ಒಮ್ಮೆಯಾದರೂ ತಳ್ಳಿದವನು. ಸಂಬಂಧ: ಕಾರು ಮಾವನ ಮನೆಯಿಂದ ಬಂದಿದ್ದರೆ ಮಾತ್ರ. ಪ್ರಯೋಜನ: ಸ್ಪೇರ್ ಪಾರ್ಟ್ಸ್ ಅಂಗಡಿಯವನಿಗೆ.

ಈ ಶಾಸ್ತ್ರ ಬನ್ನೂರಿನಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ. 15ನೇ ಶತಮಾನದಲ್ಲಿ ವ್ಯಾಸರಾಯರು ಹುಟ್ಟಿದ್ದು ಇದೇ ಊರಿನಲ್ಲಿ. ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಓದಿ, ‘ತರ್ಕತಾಂಡವ’ ಬರೆದು ದೊಡ್ಡ ದೊಡ್ಡ ನೈಯಾಯಿಕರ ಬೆವರಿಳಿಸಿದವರು. ಈಗ ಊರಿಗೆ ತರ್ಕಕ್ಕಿಂತ ಕುರಿಯಿಂದಲೇ ಹೆಸರು ಹೆಚ್ಚು, ಅದು ಬೇರೆ ಮಾತು. ಆದರೂ ತರ್ಕದ ನೆಲದಲ್ಲಿ ನಿಂತ ಕಾರನ್ನು ತರ್ಕವಿಲ್ಲದೆ ಹೊರಡಿಸುವುದು ಅಪಚಾರವೆಂದು ಈ ಗ್ರಂಥಕರ್ತನ ಮತ.

ಪ್ರಸ್ತುತ ಧರ್ಮಿ, ಅಂದರೆ ಕಾರು, 1996ರ ಮಾರುತಿ 800. 1983ರ ಡಿಸೆಂಬರಿನಲ್ಲಿ ಗುರ್ಗಾಂವಿನಿಂದ ಮೊದಲ ಗಾಡಿ ಹೊರಬಿದ್ದು, 2014ರ ಜನವರಿಯಲ್ಲಿ ಕಡೆಯದು ಹೊರಬಿದ್ದ ಈ ವಂಶದಲ್ಲಿ ಇದು ಕಾರ್ಬುರೇಟರ್ ಶಾಖೆಗೆ ಸೇರಿದ್ದು. ಇದರೊಳಗೆ ಕಂಪ್ಯೂಟರ್ ಇಲ್ಲ. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು; ಮುಂದೆ ದುಡ್ಡಿನ ವಿಚಾರ ಬರುತ್ತದೆ.

ಸ್ತಂಭನವು ಹನ್ನೆರಡು ವಿಧ. ಮೊದಲನೆಯದು ಉಷ್ಣಸ್ತಂಭ: ಎಂಜಿನ್ ಕಾದ ಮೇಲೆ ಇಗ್ನಿಷನ್ ಕಾಯಿಲ್ ಕೈಕೊಟ್ಟು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುವುದು. ಪೈಪಿನಲ್ಲಿ ಪೆಟ್ರೋಲು ಆವಿಯಾಗಿ ಪಂಪು ಬರೀ ಗಾಳಿ ಎಳೆಯುವುದೂ ಇದರ ಉಪಭೇದ. ಅಂಬಾಸಿಡರು, ಪದ್ಮಿನಿಗಳ ಕಾಲದಲ್ಲಿ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಇದಕ್ಕೆ ಶಾಂತಿ ಮಾಡಿಸುತ್ತಿದ್ದರು. ಎರಡನೆಯದು ನಿರ್ವಾತಸ್ತಂಭ: ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಹೋಗುವ ಕಿಂಡಿ ಕಟ್ಟಿಕೊಂಡು, ಒಳಗಿನ ಪೆಟ್ರೋಲು ಹೊರಗೆ ಬರಲಾರದೆ ನಿಲ್ಲುವುದು, ಮುಚ್ಚಳ ತಿರುಗಿಸಿದರೆ ‘ಹುಸ್’ ಎಂದು ಉಸಿರೆಳೆದುಕೊಳ್ಳುವುದೇ ಲಕ್ಷಣ. ಮೂರನೆಯದು ಬಂಧುಸ್ತಂಭ: ಬೀಗರು ಹಿಂದೆ ಕೂತಿದ್ದಾಗ ಮಾತ್ರ ಬರುವುದು. ನಾಲ್ಕನೆಯದನ್ನು ಬರೆಯುವ ಹೊತ್ತಿಗೆ ಗ್ರಂಥಕರ್ತನಿಗೇ ಬೇಸರ ಬಂದಿರುವುದರಿಂದ ಉಳಿದ ಒಂಬತ್ತನ್ನು ಶಿಷ್ಯರು ರಸ್ತೆಯಲ್ಲೇ ಕಲಿತುಕೊಳ್ಳತಕ್ಕದ್ದು.

ಇನ್ನು ಪ್ರಮಾಣ ವಿಚಾರ. ವ್ಯಾಸರಾಯರ ಸಿದ್ಧಾಂತದಲ್ಲಿ ಪ್ರಮಾಣ ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ಎ.ಸಿ. ಹಾಕಿದ ಸರ್ವೀಸ್ ಸೆಂಟರುಗಳಲ್ಲಿ ಒಂದೇ, ಸ್ಕ್ಯಾನರ್. ಮೈಸೂರಿನ ಅಂಥದ್ದೊಂದು ಕಡೆ, ಟೈ ಕಟ್ಟಿದ ಹುಡುಗ ಟಾರ್ಚು ಹಿಡಿದು ಸ್ಟೇರಿಂಗಿನ ಕೆಳಗೆಲ್ಲ ತಡಕಿದ. ಸ್ಕ್ಯಾನರಿನ ಪಿನ್ನು ಚುಚ್ಚುವ ಜಾಗ ಹುಡುಕುತ್ತಿದ್ದನಂತೆ. ಕಾರ್ಬುರೇಟರ್ ಗಾಡಿಗೆ ಆ ಜಾಗವೇ ಇಲ್ಲ. ಸಿಗಲಿಲ್ಲ. ಸಂಜೆ ಕೈಗೆ ಬಂದ ಅಚ್ಚಾದ ಕಾಗದದಲ್ಲಿ ‘ಯಾವುದೇ ದೋಷ ಕಂಡುಬಂದಿಲ್ಲ’ ಎಂದಿತ್ತು. ಚುಚ್ಚಲು ಜಾಗವಿಲ್ಲ, ಆದ್ದರಿಂದ ದೋಷವಿಲ್ಲ! ಇಲ್ಲದಿರುವುದನ್ನು ತಿಳಿಯಲು ಅನುಪಲಬ್ಧಿಯೆಂಬ ಪ್ರಮಾಣವೊಂದನ್ನು ಅದ್ವೈತಿಗಳು ಒಪ್ಪುತ್ತಾರೆ, ಆದರೆ ಅದಕ್ಕೆ ಜಿ.ಎಸ್.ಟಿ. ಸೇರಿಸಿ ಬಿಲ್ ಮಾಡಿದ ಉದಾಹರಣೆ ಯಾವ ಭಾಷ್ಯದಲ್ಲೂ ಸಿಕ್ಕುವುದಿಲ್ಲ.

ಮುಂದಿನದು ಹೇತ್ವಾಭಾಸ ಪ್ರಕರಣ. ಕಾರು ನಿಂತಿತು; ಕಾಯಿಲ್ ಬದಲಿಸಿದರು; ಕಾರು ಹೊರಟಿತು; ಆದ್ದರಿಂದ ಕಾಯಿಲೇ ದೋಷ ಎಂಬುದು ಪೂರ್ವಪಕ್ಷ. ಕಾಯಿಲ್ ಬದಲಿಸದೆ ಅಷ್ಟೇ ಹೊತ್ತು ಸುಮ್ಮನೆ ಮರದ ಕೆಳಗೆ ಕೂತಿದ್ದರೂ ಕಾರು ಹೊರಡುತ್ತಿತ್ತು, ಹಿಂದಿನ ವಾರ ಹೊರಟೂ ಇತ್ತು. ಕಾರಣ ಇಲ್ಲದಲ್ಲೂ ಕಾರ್ಯ ಕಾಣುತ್ತಿದೆ. ಹೀಗಿರುವಾಗ ಕಾಯಿಲ್ ಆದ ಮೇಲೆ ಡಿಸ್ಟ್ರಿಬ್ಯೂಟರ್, ಅದಾದ ಮೇಲೆ ಪಂಪು, ಕೊನೆಗೆ ಇಡೀ ಕಾರ್ಬುರೇಟರು ಎಂದು ಒಂದೊಂದನ್ನೇ ಬಿಚ್ಚಿ ಎಸೆಯುವುದು ಕಾಕತಾಳೀಯ ನ್ಯಾಯವೆಂದು ಶಾಸ್ತ್ರ ಹೇಳುತ್ತದೆ.

ಶಾಸ್ತ್ರ ಹಾಳಾಗಲಿ. ಇದು ಹಗಲು ದರೋಡೆ. ಬಂದುಹೋಗುವ ರೋಗವನ್ನು ಈ ಸರ್ವೀಸ್ ಸೆಂಟರಿನವರು, ಅದು ಬಂದಿಲ್ಲದ ಹೊತ್ತಿನಲ್ಲಿ ಶೆಡ್ಡಿನಲ್ಲಿ ನಿಲ್ಲಿಸಿಕೊಂಡು ನೋಡುತ್ತಾರೆ. ‘ನಮ್ಮ ಜೊತೆ ಒಂದು ರೌಂಡು ಬನ್ನಿ, ನಿಂತಾಗ ನೋಡಿ’ ಎಂದರೆ ಅದಕ್ಕೆ ಪಾಲಿಸಿ ಇಲ್ಲವಂತೆ. ಪಾರ್ಟು ಹಾಕಲು ಪಾಲಿಸಿ ಇದೆ, ಪಕ್ಕದಲ್ಲಿ ಕೂರಲು ಇಲ್ಲ. ಕೇಳಿದರೆ ಇಂಗ್ಲಿಷಿನಲ್ಲಿ ಗದರುತ್ತಾರೆ. ತಪ್ಪು ಊಹೆಗೆ ಬಿಲ್ ಕಟ್ಟುವವನು ಗಿರಾಕಿ, ತಪ್ಪು ಊಹಿಸಿದವನ ಗೋಡೆಯ ಮೇಲೆ ಸರ್ಟಿಫಿಕೇಟು.

ಸಿದ್ಧಾಂತ ಪಕ್ಷವು ಬನ್ನೂರಿನಲ್ಲೇ ದೊರೆಯಿತು. ತಗಡಿನ ಶೆಡ್ಡಿನ ಒಬ್ಬ ಹಳೇ ಮೆಕ್ಯಾನಿಕ್ಕು ಮೊದಲು ಬಾನೆಟ್ ಎತ್ತಲೇ ಇಲ್ಲ. ‘ಎಷ್ಟ್ ದೂರ ಓದ್ಮೇಲೆ ನಿಂತದೆ ಸಾ? ಸ್ಪೀಡಲ್ಲೋ, ನಿಧಾನದಲ್ಲೋ? ನಿಲ್ಲಕ್ಮುಂಚೆ ಮುಕ್ಕರಿಸ್ತದೋ, ದಿಢೀರ್ ಅಂತ ಆಫಾಯ್ತದೋ?’ ಎಂದು ಕೇಳಿದ. ಮುಕ್ಕರಿಸಿ ನಿಲ್ಲುತ್ತದೆ ಎಂದದ್ದಕ್ಕೆ, ‘ಅಂಗಾರೆ ಕರೆಂಟಲ್ಲ, ಊಟ’ ಎಂದ. ಕಿಡಿ ತಪ್ಪಿದರೆ ಸ್ವಿಚ್ ಆರಿಸಿದ ಹಾಗೆ ಸಾಮಾನ್ಯವಾಗಿ ಒಮ್ಮೆಲೇ ನಿಲ್ಲುತ್ತದೆ, ಪೆಟ್ರೋಲು ಸಾಲದಿದ್ದರೆ ಎಳೆಯಲಾರದೆ ಒದ್ದಾಡಿ ನಿಲ್ಲುತ್ತದೆ. ಮೂರು ಪ್ರಶ್ನೆಯಲ್ಲಿ ಅರ್ಧ ಕಾರು ಅನುಮಾನದಿಂದ ಪಾರಾಯಿತು.

ಆಮೇಲೆ ಒಂದು ಲೀಟರಿನ ಬಾಟಲಿಗೆ ಪೆಟ್ರೋಲು ತುಂಬಿ, ಎಂಜಿನ್ನಿನ ಬಿಸಿ ತಾಗದಂತೆ ಭದ್ರವಾಗಿ ಕಟ್ಟಿ, ಟ್ಯಾಂಕಿನಿಂದ ಬರುವ ಪೈಪನ್ನು ಬಿಚ್ಚಿ ಬಾಟಲಿಯಿಂದಲೇ ನೇರವಾಗಿ ಪಂಪಿಗೆ ಕೊಟ್ಟ. (ಇದನ್ನು ಓದುಗರು ತಾವೇ ಮಾಡಲು ಹೋಗಬಾರದು, ಬೆಂಕಿಯ ವಿಷಯದಲ್ಲಿ ವ್ಯಾಪ್ತಿ ಬಲು ಗಟ್ಟಿ.) ಸೋಮನಾಥಪುರದ ದಾರಿ ಹಿಡಿದು ಹೋದೆವು, ಬಂದೆವು. ಕಾರು ಕೆಮ್ಮಲೂ ಇಲ್ಲ. ಪೈಪನ್ನು ಮತ್ತೆ ಟ್ಯಾಂಕಿಗೆ ಸೇರಿಸಿ ಅದೇ ದಾರಿಯಲ್ಲಿ ಹೊರಟರೆ, ಕಬ್ಬಿನ ಗದ್ದೆಯ ಪಕ್ಕ ಮುಕ್ಕರಿಸಿ ನಿಂತಿತು. ಟ್ಯಾಂಕು ಇದ್ದರೆ ರೋಗ ಉಂಟು, ಟ್ಯಾಂಕು ಇಲ್ಲದಿದ್ದರೆ ರೋಗ ಇಲ್ಲ. ನೈಯಾಯಿಕರು ಅನ್ವಯ ವ್ಯತಿರೇಕ ಎನ್ನುವುದು ಇದನ್ನೇ. ಆ ಮನುಷ್ಯ ಅದನ್ನು ‘ಬಾಟ್ಲಿ ಚೆಕ್ಕು’ ಎನ್ನುತ್ತಾನೆ.

ಟ್ಯಾಂಕು ಇಳಿಸಿದಾಗ ತಳದಲ್ಲಿ ರಾಗಿ ಹಿಟ್ಟಿನ ಬಣ್ಣದ ತುಕ್ಕು. ಓಡುವಾಗ ಪಂಪಿನ ಎಳೆತಕ್ಕೆ ಅದೆಲ್ಲ ಹೀರುಕೊಳವೆಯ ಜಾಲರಿಗೆ ಹೋಗಿ ಮೆತ್ತಿಕೊಳ್ಳುವುದು, ಎಂಜಿನ್ ನಿಂತ ಮೇಲೆ ನಿಧಾನವಾಗಿ ಉದುರಿ ತಳ ಸೇರುವುದು. ಹತ್ತು ನಿಮಿಷ ಬಿಟ್ಟರೆ ಕಾರು ತಾನಾಗಿ ಹೊರಡುತ್ತಿದ್ದುದರ ರಹಸ್ಯ ಇಷ್ಟೇ. ಅವನ ಕೂಲಿ, ಆ ದೋಷವಿಲ್ಲದ ಕಾಗದದ ಬಿಲ್ಲಿಗಿಂತ ಕಡಿಮೆ.

ಇಲ್ಲಿಗೆ ಗ್ರಂಥ ಮುಗಿಯಬೇಕಿತ್ತು. ಆದರೆ ಪೆಟ್ರೋಲಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಈಗ ಬಂಕಿನಲ್ಲಿ ಸಿಗುವುದರಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್. ಅದು ನೀರನ್ನು ಹೀರುತ್ತದೆ, ಹಳೇ ಟ್ಯಾಂಕಿನ ಕಸವನ್ನು ಕಿತ್ತು ಎಬ್ಬಿಸುತ್ತದೆ, ಅದಕ್ಕೆಂದು ಮಾಡಿರದ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಎಥೆನಾಲ್ ಮಾಡುವುದು ಕಬ್ಬಿನಿಂದ, ಮುಸುಕಿನ ಜೋಳ, ಅಕ್ಕಿಯಿಂದ. ಕಬ್ಬು ಬೆಳೆಯುವವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಬಾಕಿ ಬೇಗ ಬರುವುದಾದರೆ ಸಂತೋಷವೇ. ಆದರೆ ಎಥೆನಾಲ್ ಬೆರೆಸದ ಪೆಟ್ರೋಲು ಬೇಕೆಂದರೆ ಸಾಮಾನ್ಯ ಬಂಕಿನಲ್ಲಿ ಸಿಗುವುದಿಲ್ಲ. ಅತ್ತ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದನ್ನು 2022ರ ಏಪ್ರಿಲಿನಿಂದ 5,000 ಮಾಡಿದರು. ಹೊಸ ಕಾರು ಕೊಳ್ಳಲಾರದೆ ಹಳೆಯದನ್ನು ಇಟ್ಟುಕೊಂಡವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆ ತಗಡಿನ ಶೆಡ್ಡಿಗೆ ಈಗ ಕಲಿಯಲು ಹುಡುಗರು ಬರುವುದಿಲ್ಲ. ಕಾರ್ಬುರೇಟರ್ ಕಿಟ್ಟಿಗೆ ಅವನೇ ಮೈಸೂರಿನ ಹಳೇ ಸಾಮಾನಿನ ಅಂಗಡಿಗಳನ್ನು ಅಲೆಯುತ್ತಾನೆ. ಕೇಳಿ, ಕಿವಿಗೊಟ್ಟು, ಒಂದನ್ನು ತೆಗೆದು ಇನ್ನೊಂದನ್ನು ಉಳಿಸಿ ನೋಡುವ ಆ ವಿದ್ಯೆಯನ್ನು ಅವನು ಯಾರಿಗೆ ಕೊಟ್ಟು ಹೋಗಬೇಕು?

ಆದ್ದರಿಂದ ಹಳೇ ಕಾರಿನವರಲ್ಲಿ ವಿನಂತಿ. ಗಾಡಿ ಮುಕ್ಕರಿಸಿ ನಿಂತರೆ ಮೊದಲು ಟ್ಯಾಂಕಿನ ಮುಚ್ಚಳ ತಿರುಗಿಸಿ ನೋಡಿ, ಆಮೇಲೆ ಬಾನೆಟ್ಟಿನ ಕೆಳಗಿನ ಪ್ಲಾಸ್ಟಿಕ್ ಫಿಲ್ಟರಿನಲ್ಲಿ ತುಕ್ಕು ಕಾಣುತ್ತದೆಯೇ ನೋಡಿ. ಎಷ್ಟು ದೂರಕ್ಕೆ ನಿಂತಿತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆದಿಡಿ. ನಿಮ್ಮ ಪಕ್ಕದಲ್ಲಿ ಕೂತು ಒಂದು ರೌಂಡು ಬರಲು ಒಪ್ಪದವನಿಗೆ ಒಂದು ಪಾರ್ಟನ್ನೂ ಬದಲಿಸಲು ಬಿಡಬೇಡಿ.