ವಾಪಸಾತಿ ಮೀಮಾಂಸೆ: ಹೆತ್ತವರ ಗ್ರೀನ್ ಕಾರ್ಡ್ ಕುರಿತ ಕಿರುಶಾಸ್ತ್ರ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಸೀಮೆಯಿಂದ ಸಂದರ್ಶಕ ವೀಸಾ ಹಿಡಿದು ಅಮೆರಿಕದ ಮಗನ ಮನೆಗೆ ಹೋಗುವ ಅವ್ವಂದಿರು ಇನ್ನೂ ಶಾಸ್ತ್ರಕಾರರ ಕಣ್ಣಿಗೆ ಬೀಳದಿರುವುದು ವಿಷಾದನೀಯ. ಈ ಪ್ರಬಂಧದ ಪ್ರತಿಜ್ಞೆ ಇಷ್ಟೇ: ‘ಊರಿಗೆ ವಾಪಸ್ ಹೋಗುತ್ತೇನೆ’ ಎಂಬ ಒಂದೇ ಮಾತು ಆ ದೇಶದ ವಲಸೆ ಕಾನೂನಿನಲ್ಲಿ ಮೊದಲು ಪುಣ್ಯ, ಆಮೇಲೆ ದೋಷ, ಕೊನೆಗೆ ಅನುಮಾನ. 1952ರ ಕಾಯ್ದೆಯ 214(ಬಿ) ಕಲಮಿನಂತೆ ಸಂದರ್ಶಕ ವೀಸಾ ಕೇಳುವವರೆಲ್ಲ ನೆಲೆಯೂರಲೆಂದೇ ಹೊರಟವರು. ಅಲ್ಲವೆಂದು ಸಾಬೀತು ಮಾಡುವ ಹೊಣೆ ಅವರದೇ. ಆದ್ದರಿಂದ ಅವ್ವನ ಫೈಲಿನಲ್ಲಿ ವಿಶ್ವೇಶ್ವರಯ್ಯ ನಾಲೆ ಬಯಲಿನ ಗದ್ದೆಯ ಪಹಣಿ, ಕಬ್ಬಿನ ಬಿಲ್ಲು, ಬ್ಯಾಂಕಿನ ಪಾಸ್‌ಬುಕ್ಕು ಸೇರುತ್ತವೆ. ಅವ್ವ ಬರುತ್ತಾಳೆಂಬುದಕ್ಕೆ ಗದ್ದೆಯೇ ಜಾಮೀನು.

ಒಳಗೆ ಕಾಲಿಟ್ಟ ಮೇಲೆ ಸಾಮಾನ್ಯವಾಗಿ ಆರು ತಿಂಗಳ ವಾಸ ಸಿಗುತ್ತದೆ. ಮಗ ಅಲ್ಲಿನ ಪೌರನಾಗಿದ್ದು 21 ತುಂಬಿದ್ದರೆ ಮಗ ತಾಯಿಗಾಗಿ ಹಾಕುವ ಐ-130, ತಾಯಿ ಗ್ರೀನ್ ಕಾರ್ಡ್ ಕೇಳುವ ಐ-485 ಅರ್ಜಿಗಳನ್ನು ಒಟ್ಟಿಗೇ ಹಾಕಬಹುದು. ಬರೀ ಗ್ರೀನ್ ಕಾರ್ಡಿನ ಮಗನಿಗೆ ಹೆತ್ತವಳಿಗಾಗಿ ಅರ್ಜಿ ಹಾಕುವ ಅಧಿಕಾರವಿಲ್ಲ. ಮನೆಯಲ್ಲೇ ಹುಟ್ಟಿ ಎಲ್ಲೂ ನೋಂದಣಿಯಾಗದ ಅವ್ವನಿಗೆ ಜನನ ದಾಖಲೆ ಇಲ್ಲವೆಂಬ ಪತ್ರ ಬೇಕು. ಅಭಾವವೂ ಒಂದು ಪದಾರ್ಥವೆಂದು ವೈಶೇಷಿಕರು ಬರೀ ವಾದಿಸಿದರು. ಅದಕ್ಕೆ ಮೊಹರು ಒತ್ತಿ ಕೊಟ್ಟ ಕೀರ್ತಿ ಸರ್ಕಾರಿ ಕಚೇರಿಯದು. ಅರ್ಜಿ ಇತ್ಯರ್ಥವಾಗುವ ಮೊದಲು ‘ಅಡ್ವಾನ್ಸ್ ಪೆರೋಲ್’ ಎಂಬ ಮುಂಗಡ ಮರಳುಅನುಮತಿ ಇಲ್ಲದೆ ಮೇಲುಕೋಟೆಯ ವೈರಮುಡಿ ಉತ್ಸವಕ್ಕೆಂದು ಊರಿಗೆ ಬಂದರೆ ಅರ್ಜಿಯನ್ನು ಕೈಬಿಟ್ಟಂತೆಯೇ ಲೆಕ್ಕ. ಅಂದರೆ, ಕೊಟ್ಟ ಮಾತು ಉಳಿಸಿಕೊಂಡವಳ ಕಡತ ಮುಚ್ಚುತ್ತದೆ. ಕಾರ್ಡ್ ಕೈಸೇರಿದ ಮೇಲೂ ಊರಲ್ಲಿ ಆರು ತಿಂಗಳು ದಾಟಿ ಕೂತರೆ ಪ್ರಶ್ನೆ ಏಳುತ್ತದೆ. ಮರುಪ್ರವೇಶದ ಪರವಾನಗಿ ಇಲ್ಲದೆ ವರ್ಷ ದಾಟಿದರೆ ಆ ಕಾರ್ಡಿನಿಂದ ಒಳಗೆ ಹೋಗುವಂತಿಲ್ಲ.

ಬಂದವರ ಉದ್ದೇಶವನ್ನು ಕೆದಕುವ ಈ ಪದ್ಧತಿ ನಮ್ಮ ಸೀಮೆಗೆ ಹೊಸದು. ವನವಾಸದ ಮಕ್ಕಳ ಜೊತೆ ಕುಂತಿ ಇಲ್ಲೇ ತಂಗಿದ್ದಳೆಂಬ ಐತಿಹ್ಯಕ್ಕೆ ಪಾಂಡವಪುರದ ಕುಂತಿಬೆಟ್ಟ ಸಾಕ್ಷಿ. ಹೆತ್ತವಳ ವಾಸ್ತವ್ಯ ಕುರಿತ ನಮ್ಮ ಮೊದಲ ಪ್ರಕರಣವಿದು. ಚೋಳನಾಡಿನಿಂದ ಬಂದ ರಾಮಾನುಜರು ಮೇಲುಕೋಟೆಯಲ್ಲಿ ಹನ್ನೆರಡು ವರ್ಷವಿದ್ದು ಶ್ರೀರಂಗಕ್ಕೆ ಮರಳಿದರೆಂದು ಪ್ರತೀತಿ. ಯಾರೂ ಅವಧಿ ಮೀರಿತೆನ್ನಲಿಲ್ಲ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದವರನ್ನಂತೂ ವಾಪಸ್ ಹೋಗುವ ಇರಾದೆ ಉಂಟೇ ಎಂದು ಕೇಳುವ ಕಿಟಕಿಯೇ ಇರಲಿಲ್ಲ. ಅವರ ಕಡೆಯವರು ಹೊರಟದ್ದು 1947ರಲ್ಲಿ.

ಪೂರ್ವಪಕ್ಷ: ನೆಲೆಯೂರುವ ಮನಸ್ಸನ್ನು ಮುಚ್ಚಿಟ್ಟು ನೋಡಿಕೊಂಡು ಬರುತ್ತೇನೆಂದರೆ ಅದು ಸುಳ್ಳಲ್ಲವೇ? ಸುಳ್ಳೇ. ಅದಕ್ಕೆ ಆ ದೇಶದ ಬಾಗಿಲು ಜೀವನಪರ್ಯಂತ ಮುಚ್ಚಲೂಬಹುದು. ಶಾಸ್ತ್ರ ಅದನ್ನು ಸಮರ್ಥಿಸದು. ಆದರೆ ಮನಸ್ಸು ಬದಲಾದ ತಾರೀಖನ್ನು ಹಿಡಿಯುವುದು ಹೇಗೆ? ಅಲ್ಲಿನ ವಿದೇಶಾಂಗ ಇಲಾಖೆಯ ಕೈಪಿಡಿ 2017ರಲ್ಲಿ 90 ದಿನದ ಗೆರೆ ಎಳೆಯಿತು: ಅದರೊಳಗೆ ನಡತೆ ತಿರುಗಿದರೆ ಮೊದಲೇ ಕಪಟವಿತ್ತೆಂಬ ಊಹೆ. ನಾಗಮಂಗಲದ ಹೊಲದಲ್ಲಿ ರಾಗಿ ಬಲಿಯಲು ಇದಕ್ಕಿಂತ ಹೆಚ್ಚು ದಿನ ಬೇಕು. ಮನಸ್ಸು ರಾಗಿಗಿಂತ ಬೇಗ ಕೊಯ್ಲಿಗೆ ಬರುತ್ತದೆಂದಾಯಿತು. ಆ ಗೆರೆ ಅರ್ಜಿ ತೀರ್ಮಾನಿಸುವ ವಲಸೆ ಇಲಾಖೆಯನ್ನು ಕಟ್ಟಿಹಾಕದೆಂದು ಆಕ್ಷೇಪಿಸಬಹುದು. ನಿಜ, ಅಲ್ಲಿ ಗೆರೆಯೂ ಇಲ್ಲದೆ ಮನಸ್ಸನ್ನು ಅಳೆಯುತ್ತಾರೆ. ಸೋಜಿಗವೆಂದರೆ, ಸಕ್ರಮವಾಗಿ ಒಳಹೋದ ಪೌರನ ತಾಯಿ ಆರು ತಿಂಗಳು ಮೀರಿ ಉಳಿದಿದ್ದರೂ ಅಷ್ಟರಿಂದಲೇ ಅರ್ಜಿ ಕೆಡುವುದಿಲ್ಲ. ಕ್ಯಾಲೆಂಡರು ಮೀರಿದವಳಿಗೆ ಕ್ಷಮೆಯುಂಟು, ಮನಸ್ಸು ಮೀರಿದವಳಿಗಿಲ್ಲ.

ಸಿದ್ಧಾಂತ: ಉದ್ದೇಶವಿರುವುದು ಮಗ-ಸೊಸೆಯರಲ್ಲಿ, ಪ್ರಮಾಣ ಕೇಳುವುದು ಅವ್ವನನ್ನು. ಕೇಳಿದರೆ ಅವಳು ‘ನಂಗೇನ್ ಗೊತ್ತಪ್ಪ, ಮಗ ಹೇಳ್ದಂಗೆ’ ಎಂದಾಳು. ಮೂರೂ ಹಂತಗಳಲ್ಲಿ ಬದಲಾಗದ ಈ ಏಕೈಕ ಸತ್ಯಕ್ಕೆ ಯಾವ ನಮೂನೆಯಲ್ಲೂ ಅಂಕಣವಿಲ್ಲ. ಮೊದಲೇ ನೆಲೆಸುವ ಮನಸ್ಸಿದ್ದವರಿಗೆ ನೇರದಾರಿಯೂ ಉಂಟು: ಮಗ ಅಲ್ಲಿಂದ ಐ-130 ಹಾಕುವುದು, ಅವ್ವ ಊರಲ್ಲೇ ಕಾದು ಮುಂಬಯಿಯ ಸಂದರ್ಶನಕ್ಕೆ ಹೋಗುವುದು. ಅಷ್ಟರಲ್ಲಿ ನೋಡಿಕೊಳ್ಳಬೇಕಿದ್ದ ಮೊಮ್ಮಗು ಶಾಲೆಗೆ ಸೇರಿ, ನೆಲೆಸುವ ಉದ್ದೇಶವೇ ತೀರಿಹೋದರೆ, ಕಾನೂನು ಮೊದಲಿನಿಂದ ಕೇಳುತ್ತಿದ್ದ ಪ್ರಾಮಾಣಿಕ ಸಂದರ್ಶಕಿ ಕೊನೆಗೂ ಸಿಕ್ಕಂತಾಯಿತು.