ಗೃಹಪಾಠದ ಪಾಡು

ನಾಗ್ಪುರಕ್ಕೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಕಾಕೂ ‘ಮಗಳ ಗೃಹಪಾಠ ಝಾಲಾ ಕಾ?’ ಎಂದು ಕೇಳಿದರು. ನಾನು ಧಾರವಾಡದವ. ಗೃಹ ಅಂದರೆ ಮನೆ, ಮನೆಪಾಠ ಅಂದರೆ ನಮಗೆ ಟ್ಯೂಷನ್. ಅದಕ್ಕೆಲ್ಲ ರೊಕ್ಕ ಎಲ್ಲಿ ತರೋದ್ರಿ ಎಂದು ಮುರುಕು ಮರಾಠಿಯಲ್ಲಿ ಬಡತನ ತೋಡಿಕೊಂಡೆ. ಕಾಕೂ ಮರುದಿನ ಎರಡು ನೋಟ್‌ಬುಕ್ ತಂದುಕೊಟ್ಟರು. ಇಲ್ಲಿ ಗೃಹಪಾಠ ಅಂದರೆ ಹೋಮ್‌ವರ್ಕ್ ಅಂತ ತಿಳಿಯುವಷ್ಟರಲ್ಲಿ ನನ್ನ ಮಾನ ಮೂರನೇ ಮಹಡಿವರೆಗೂ ಹೋಗಿತ್ತು. ಅಚ್ಚಗನ್ನಡದಲ್ಲಿ ‘ಮನೆಗೆಲಸ’ ಎನ್ನೋಣವೆಂದರೆ, ಆ ಪದ ಕಿವಿಗೆ ಬಿದ್ದಿದ್ದೇ ಹೆಂಡತಿ ನನ್ನ ಕೈಗೆ ಕಸಬರಿಗೆ ಕೊಡುತ್ತಾಳೆ.

ಈಗ ಹೋಮ್‌ವರ್ಕ್ ಹಳೇದಾಯ್ತು. ಅಸೈನ್‌ಮೆಂಟ್ ಬಂದಿದೆ. ಆಫೀಸಿನಲ್ಲಿ ಆ ಪದ ಕೇಳಿದರೆ ನಾನು ಗಡಚಿರೋಲಿಗೆ ಬ್ಯಾಗು ತುಂಬಬೇಕು; ಮಗಳಿಗೆ ನಾಲ್ಕು ಹಾಳೆ, ಒಂದು ಪಿನ್ನು. ಆಕ್ಟಿವಿಟಿ ಅಂದರೆ ರಾತ್ರಿ ಒಂಬತ್ತೂವರೆಗೆ ‘ಅಪ್ಪಾ, ನಾಳೆ ಬಣ್ಣದ ಹಾಳೆ ಬೇಕು’. ಆಕ್ಟಿವ್ ಆಗಿ ಸೀತಾಬರ್ಡಿ ಪೇಟೆಗೆ ಓಡುವವನು ನಾನು.

ಇನ್ನು ಪ್ರಾಜೆಕ್ಟ್. ವಿದರ್ಭದಲ್ಲಿ ಪ್ರಾಜೆಕ್ಟ್ ಅಂದರೆ ಗೋಸಿಖುರ್ದ್. ವೈನಗಂಗೆಯ ಆ ಅಣೆಕಟ್ಟಿಗೆ 1988ರಲ್ಲಿ ಅಡಿಗಲ್ಲು ಬಿತ್ತು. ಮೂವತ್ತು ವರ್ಷ ದಾಟಿದರೂ ಕಾಲುವೆ ಕೆಲಸ ನಡೆದೇ ಇತ್ತು. ಮಗಳದ್ದೂ ಅಣೆಕಟ್ಟೇ, ಆದರೆ ಸೋಮವಾರ ಬೆಳಿಗ್ಗೆ ಏಳಕ್ಕೆ ಲೋಕಾರ್ಪಣೆ! ಅಂಟು ಬೇಗ ಒಣಗಲೆಂದು ಕೂಲರ್ ಜೋರು ಮಾಡಿದೆ. ಅದು ನೀರು ಎರಚಿ, ನೀಲಿ ಬಣ್ಣ ಹಸಿರು ಹೊಲಕ್ಕೆ ನುಗ್ಗಿತು. ‘ಇರಲಿ ಬಿಡಪ್ಪಾ, ಮುಳುಗಡೆ ಪ್ರದೇಶ ಅಂತ ಬರಿ’ ಎಂದಳು. ಬರೆದೆ.

ಬಿ ಪ್ಲಸ್ ಬಂತು. ಕೆಳಗೆ ಕೆಂಪು ಶಾಯಿಯಲ್ಲಿ: ಪಾಲಕರ ಅಕ್ಷರ ಸುಧಾರಿಸಬೇಕು.